ಹತ್ತೊಂಬತ್ತು ದಿನದ ಗೈರುಹಾಜರಿ

ಐಸಿಲ್ಡಾಗೆ ಸೂಪಿನಲ್ಲಿ ಉಪ್ಪು ಸಾಲದು ಅನಿಸಿದ ಶನಿವಾರವೇ ಮರ್ಲೀನಳ ಕೆಲಸಕ್ಕೆ ಕುತ್ತು ತಂದ ಕಾಗದವೂ ಬಂದಿತ್ತು. ಆದರೆ ಊಟದ ಮೇಜಿಗೆ ಮೊದಲು ಬಂದದ್ದು ಉಪ್ಪಿನ ಮಾತು.

“ಇದೇನು, ಕೌನ್ಸಿಲ್ ಸೂಪಾ?” ಅಂದಳು ಐಸಿಲ್ಡಾ ಚಮಚ ಕೆಳಗಿಟ್ಟು. “ಉಪ್ಪಿಲ್ಲ, ಗೆಣಸು ಬೆಂದಿಲ್ಲ, ಖಾರ ಇಲ್ಲ. ಜ್ವರ ಬಂದ ಬಿಳಿಯರಿಗೆ ಮಾಡಿದ ಹಾಗಿದೆ.”

“ಕೌನ್ಸಿಲ್ ಸೂಪು ಇನ್ನು ಎರಡು ತಿಂಗಳು ಅಷ್ಟೇ,” ಅಂದಳು ಮಗಳು ಮರ್ಲೀನ್. “ಬೈಯೋದಿದ್ರೆ ಅಷ್ಟರಲ್ಲಿ ಬೈದು ಮುಗಿಸಿಬಿಡಿ.”

ಮೊಮ್ಮಗಳು ರೊನೆಲ್ ತಲೆಯೆತ್ತಿ ತಾಯಿಯ ಮುಖ ನೋಡಿದಳು. ಇಪ್ಪತ್ತರ ಹುಡುಗಿ, ಕಾಲೇಜಿನಲ್ಲಿ ಓದುತ್ತಿದ್ದಳು, ಕಣ್ಣು ಚುರುಕು. ಎದ್ದು ಹೋಗಿ ಫ್ರಿಜ್ಜಿನ ಮೇಲಿದ್ದ ಕಂದು ಲಕೋಟೆ ತಂದು, ಕೇಳದೆಯೇ ಬಿಚ್ಚಿ ಜೋರಾಗಿ ಓದಿದಳು. ಊರಿನ ಆಡಳಿತ ನಡೆಸುವ ಕೌನ್ಸಿಲ್ಲಿನ ಅಡುಗೆಮನೆಯ ಹನ್ನೊಂದು ಜನರಲ್ಲಿ ನಾಲ್ವರನ್ನು ಕೈಬಿಡಲಾಗುವುದು. ಪ್ರತಿಯೊಬ್ಬರಿಗೂ ಅಂಕ ಹಾಕಲಾಗಿದೆ. ಮರ್ಲೀನ್ ಅವರಿಗೆ ಕೆಲಸದಲ್ಲಿ ಇಪ್ಪತ್ತಕ್ಕೆ ಇಪ್ಪತ್ತು, ಶಿಸ್ತಿನಲ್ಲಿ ಇಪ್ಪತ್ತಕ್ಕೆ ಇಪ್ಪತ್ತು, ಹಾಜರಿಯಲ್ಲಿ ಇಪ್ಪತ್ತಕ್ಕೆ ಎರಡು.

“ಎರಡಾ?” ಅಂದಳು ರೊನೆಲ್. “ಅಮ್ಮ, ನೀನು ಜ್ವರ ಬಂದ್ರೂ ಕೆಲಸಕ್ಕೆ ಹೋಗೋಳು.”

“ಹತ್ತೊಂಬತ್ತು ದಿನ ಅನುಮತಿ ಇಲ್ಲದೆ ಗೈರುಹಾಜರು ಅಂತ ಬರೆದಿದ್ದಾರೆ ನೋಡು. ಎರಡು ಸಾವಿರದ ಒಂಬತ್ತು, ನವೆಂಬರ್.”

ಆ ತಿಂಗಳ ಹೆಸರು ಬಿದ್ದದ್ದೇ ಐಸಿಲ್ಡಾ ಚಮಚ ಎತ್ತಿಕೊಂಡು ಸೂಪು ಕುಡಿಯತೊಡಗಿದಳು. ಉಪ್ಪು ಈಗ ಸರಿಹೋದ ಹಾಗಿತ್ತು.

ಆ ನವೆಂಬರಿನಲ್ಲಿ, ಅವರು ಇಂಗ್ಲೆಂಡಿಗೆ ಬರುವ ಮೊದಲಿದ್ದ ಜಮೈಕಾದಲ್ಲಿ, ಅವ್ವ ಸತ್ತಿದ್ದಳು. ಅವ್ವ ಅಂದರೆ ಐಸಿಲ್ಡಾಳ ತಾಯಿ ವಯೋಲಾ, ಮರ್ಲೀನಳ ಅಜ್ಜಿ. ತೊಂಬತ್ತೇಳು ವರ್ಷ ಬಾಳಿದ ಜೀವ. ಐಸಿಲ್ಡಾ ಆಗ ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದಳು, ಹೋಗಲಾಗಲಿಲ್ಲ. ಮರ್ಲೀನ್ ಹೋದಳು. ನಮ್ಮವರಲ್ಲಿ ಹೆಣ ಎಲ್ಲರಿಗಾಗಿ ಕಾಯುತ್ತದೆ. ಟೊರಾಂಟೋದವರು ಬರಬೇಕು, ನ್ಯೂಯಾರ್ಕಿನವರು ಬರಬೇಕು, ಗೋರಿ ಕಟ್ಟಿದ ಸಿಮೆಂಟು ಒಣಗಬೇಕು, ಸತ್ತವರನ್ನು ಬೀಳ್ಕೊಡುವ ಒಂಬತ್ತನೇ ರಾತ್ರಿಯ ಹಾಡು ಮುಗಿಯಬೇಕು. ಸತ್ತ ಮೂರನೇ ದಿನಕ್ಕೆ ಮಣ್ಣು ಮಾಡಿ ನಾಲ್ಕನೇ ದಿನ ಕೆಲಸಕ್ಕೆ ಹಾಜರಾಗುವ ಜನ ನಾವಲ್ಲ. ಅದನ್ನು ಕೌನ್ಸಿಲ್ಲಿನ ನಿಯಮ ಬರೆದವನಿಗೆ ಯಾರೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳು ಸತ್ತರೆ ನಾಲ್ಕು ವಾರದವರೆಗೂ ರಜೆ, ಅದು ಲೆಕ್ಕಕ್ಕಿಲ್ಲ. ಅಜ್ಜಿ ಸತ್ತರೆ ಒಂದು ದಿನ. ಆ ಒಂದು ದಿನ ಕೊಟ್ಟು ಸಹಿ ಮಾಡಿದ ಮ್ಯಾನೇಜರ್ ಗಾರ್‌ಸೈಡ್ “ನಿಮ್ಮ ದುಃಖದಲ್ಲಿ ನಾವೂ ಭಾಗಿ” ಅಂತ ಒಂದು ಕಾರ್ಡನ್ನೂ ಕೊಟ್ಟಿದ್ದ. ಮರ್ಲೀನ್ ಕಾರ್ಡು ತಗೊಂಡು ವಿಮಾನ ಹತ್ತಿದಳು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಎರಡು ವರ್ಷದ ಮೇಲೆ, ಈ ಕಾಗದ ಬಂದಾಗ, ಆದದ್ದು ಅದೇ. ಲಂಡನ್ನಿನ ಬ್ಯಾಂಕಿನವರು ಜೂಜಾಡಿ ದೇಶದ ದುಡ್ಡು ಮುಳುಗಿಸಿದ್ದರು. ಬರೆ ಬಿದ್ದದ್ದು ಗ್ರಂಥಾಲಯಕ್ಕೆ, ಮಕ್ಕಳ ಮನೆಗೆ, ಕೊನೆಗೆ ಮುನ್ನೂರನಲವತ್ತು ಮುದುಕರಿಗೆ ದಿನಾ ಮಧ್ಯಾಹ್ನ ಬಿಸಿಯೂಟ ಕಳಿಸುತ್ತಿದ್ದ ಒಂದು ಅಡುಗೆಮನೆಗೆ. ಮರ್ಲೀನ್ ಅಲ್ಲಿ ಇಪ್ಪತ್ತೆರಡು ವರ್ಷದಿಂದ ಅಡುಗೆಯವಳು. ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಹಲ್ಲಿಲ್ಲ, ಯಾರು ಶುಕ್ರವಾರ ಮೀನು ಬಿಟ್ಟು ಬೇರೆ ಮುಟ್ಟುವುದಿಲ್ಲ ಎಂಬುದೆಲ್ಲ ಅವಳ ಬಾಯಲ್ಲೇ ಇತ್ತು. ಅದಕ್ಕೆ ಅಂಕದ ಪಟ್ಟಿಯಲ್ಲಿ ಜಾಗ ಇರಲಿಲ್ಲ.

ಭಾನುವಾರ ಚರ್ಚು ಮುಗಿದ ಮೇಲೆ ಎಗ್ಬರ್ಟ್ ಬಂದ. ಕೌನ್ಸಿಲ್ಲಿನ ಕಸದ ಲಾರಿ ಓಡಿಸುವವನು, ಯೂನಿಯನ್ನಿನಲ್ಲಿ ನಮ್ಮ ಕಪ್ಪು ಕೆಲಸಗಾರರ ಪರವಾಗಿ ಓಡಾಡುವವನು. ಕೋಟು ಬಿಚ್ಚುವ ಮೊದಲೇ ಕೋಳಿಯ ವಾಸನೆಗೆ ಮೂಗರಳಿಸಿದ.

“ಕೂತ್ಕೋ. ತಟ್ಟೆ ಹಾಕ್ತೀನಿ,” ಅಂದಳು ಐಸಿಲ್ಡಾ. “ಯೂನಿಯನ್ನಿನವರು ಊಟದ ಹೊತ್ತಿಗೇ ಬರ್ತಾರೆ, ಅದೊಂದು ನಿಯಮ ತಪ್ಪಿಲ್ಲ.”

“ಮಿಸ್ ಐಸಿ, ನಿಮ್ಮ ಕೈಯೂಟ ಅಂದ್ರೆ ನಾನು ಸ್ಟ್ರೈಕನ್ನೂ ಮುಂದೂಡ್ತೀನಿ.”

ತೆಂಗಿನ ಹಾಲಿನಲ್ಲಿ ಬೆಂದ ಕಾಳನ್ನ, ಕೋಳಿ, ಹುರಿದ ಬಾಳೆಹಣ್ಣು. ಎರಡು ತುತ್ತು ಒಳಗಿಳಿದ ಮೇಲೆ ಎಗ್ಬರ್ಟನ ನಗು ಹೋಯಿತು.

“ಹನ್ನೊಂದು ಜನರಲ್ಲಿ ನಮ್ಮವರು ನಾಲ್ಕು,” ಅಂದ. “ಮರ್ಲೀನ್, ಡೆಲ್‌ರೋಸ್, ಏವ್ರಿಲ್, ಕಾರ್ಮೆನ್. ಹೋಗಬೇಕಾದವರು ನಾಲ್ಕು. ಯಾರ್ಯಾರು ಅಂತ ನಾನು ಹೇಳಬೇಕಾ?”

“ಅವರೇ ನಾಲ್ಕಾ?” ಅಂದಳು ರೊನೆಲ್.

“ಅವರೇ. ಒಬ್ಬಳೂ ಕದ್ದಿಲ್ಲ, ಒಬ್ಬಳೂ ಅನ್ನ ಸೀಯಿಸಿಲ್ಲ. ನಾಲ್ವರಿಗೂ ಹಾಜರಿಯಲ್ಲೇ ಅಂಕ ಹೋಗಿರೋದು. ನಾಲ್ವರೂ ಯಾರನ್ನೋ ಮಣ್ಣು ಮಾಡೋಕೆ ವಿಮಾನ ಹತ್ತಿದವರೇ. ಒಬ್ಬಳ ದೊಡ್ಡಮ್ಮ, ಒಬ್ಬಳ ಅಕ್ಕ, ಇಬ್ಬರ ಅಜ್ಜಿ. ನಾಲ್ವರನ್ನೂ ಸಾಕಿದ್ದು ಆ ಸತ್ತೋರೇ.” ಮೂಳೆ ಬದಿಗಿಟ್ಟು ಕೈ ಒರೆಸಿಕೊಂಡ. “ಅವರ ನಿಯಮದ ಪುಸ್ತಕ ಪೂರ್ತಿ ಓದಿದೆ. ಒಂದು ಸಾಲಿದೆ. ತಾಯಿಯ ಜಾಗದಲ್ಲಿ ನಿಂತು ಸಾಕಿದವರು ಸತ್ತರೆ ಅದು ತಾಯಿ ಸತ್ತ ಹಾಗೇ. ರಜೆ ಲೆಕ್ಕಕ್ಕಿಲ್ಲ. ಆದ್ರೆ ಸಾಕ್ಷಿ ಬೇಕು.”

“ಅವ್ವನ ಮನೆ ಕಾಗದಪತ್ರ ಎಲ್ಲ ಬಿರುಗಾಳಿಗೆ ಹೋಯ್ತು,” ಅಂದಳು ಮರ್ಲೀನ್. “ಚಾವಣಿನೇ ಹಾರಿಹೋಗಿತ್ತು.”

“ಗೊತ್ತು. ಅದಕ್ಕೇ ಮಿಸ್ ಐಸಿ ಹತ್ರ ಬಂದೆ.” ಎಗ್ಬರ್ಟ್ ತಟ್ಟೆ ನೋಡುತ್ತಲೇ ಮುಂದುವರಿಸಿದ. “ನೀವು ಒಂದು ಹೇಳಿಕೆ ಬರೆದುಕೊಡಬೇಕು. ಮಗುವನ್ನ ಇಂಥ ವರ್ಷ ಬಿಟ್ಟು ಬಂದೆ, ಇಂಥ ವರ್ಷದವರೆಗೆ ನಾನು ಸಾಕಲಿಲ್ಲ, ನನ್ನಮ್ಮ ಸಾಕಿದಳು ಅಂತ. ಅಷ್ಟೇ. ನಿಮ್ಮದು ಗೆದ್ದರೆ ಉಳಿದ ಮೂವರಿಗೂ ದಾರಿ ಆಗುತ್ತೆ.”

ಐಸಿಲ್ಡಾ ಎದ್ದು ಅವನ ತಟ್ಟೆ ತೆಗೆದಳು. ಅದರಲ್ಲಿ ಇನ್ನೂ ಅರ್ಧ ಬಾಳೆಹಣ್ಣಿತ್ತು.

“ಊಟ ಆಯ್ತಲ್ಲ, ಕೋಟು ಹಾಕ್ಕೋ,” ಅಂದಳು.

“ಮಿಸ್ ಐಸಿ...”

“ನಲವತ್ತು ವರ್ಷ ಅವರ ಆಸ್ಪತ್ರೆಯಲ್ಲಿ ದುಡಿದೆ. ನನ್ನ ಮನೆ ವಿಷಯ ಒಂದಕ್ಷರ ಅವರಿಗೆ ಕೊಡಲಿಲ್ಲ. ಈಗ ಕಾಗದದ ಮೇಲೆ ಬರೆದು ಕೊಡಬೇಕಾ? ಅದನ್ನ ಅವರು ಚಹಾ ಕುಡೀತಾ ಓದಿ, ‘ನೋಡಿ, ಈ ಜನ ಹೆತ್ತ ಮಗೂನೇ ಬಿಟ್ಟು ಬರ್ತಾರೆ’ ಅಂತ ತಲೆ ಅಲ್ಲಾಡಿಸಬೇಕಾ? ಆಗಲ್ಲ.”

ಎಗ್ಬರ್ಟ್ ಬಾಗಿಲಲ್ಲಿ ಮರ್ಲೀನಳಿಗೆ ಮೆಲ್ಲಗೆ ಹೇಳಿ ಹೋದ, ಮೇಲ್ಮನವಿಗೆ ಐದು ವಾರ ಇದೆ ಅಂತ.

ಆ ಸಂಜೆ ಮರ್ಲೀನ್ ತಾಯಿಯ ತಲೆ ಬಾಚಲಿಲ್ಲ. ಐಸಿಲ್ಡಾಳ ಭುಜ ಮೇಲೇಳುತ್ತಿರಲಿಲ್ಲ. ಭಾನುವಾರ ಸಂಜೆ ಮಗಳು ಎಣ್ಣೆ ಹಚ್ಚಿ ಹೆಣೆದರೆ ಅದೇ ಮುಂದಿನ ಭಾನುವಾರದವರೆಗೆ. ಎಣ್ಣೆಯ ಬಾಟಲಿ, ಬಾಚಣಿಗೆ ಕುರ್ಚಿಯ ಪಕ್ಕ ಬಂದು ಕೂತಿದ್ದವು. ಮರ್ಲೀನ್ ಇಸ್ತ್ರಿ ಮಾಡುತ್ತ ನಿಂತಳು, ಇದ್ದ ಬಟ್ಟೆಯೆಲ್ಲ ಮುಗಿದ ಮೇಲೆ ಟೀ ಟವೆಲ್‌ಗಳಿಗೂ ಇಸ್ತ್ರಿ ಹಾಕಿದಳು. ಐಸಿಲ್ಡಾ ಎಂಟು ಗಂಟೆಗೆ ತಲೆಗೆ ಬಟ್ಟೆ ಸುತ್ತಿಕೊಂಡು ಮಹಡಿ ಹತ್ತಿದಳು.

ಎರಡು ವಾರ ಆ ಮನೆಯಲ್ಲಿ ಮಾತು ರೊನೆಲ್ ಮೂಲಕವೇ ನಡೆಯಿತು.

“ನಿಮ್ಮಮ್ಮಂಗೆ ಹೇಳು, ಹಾಲು ಮುಗಿದಿದೆ.”

“ನಿಮ್ಮಜ್ಜಿಗೆ ಹೇಳು, ಕಾಲಿದೆ, ಅಂಗಡಿ ಮೂಲೆಯಲ್ಲೇ ಇದೆ.”

“ನಾನೇನು ಅಂಚೆಯವಳಾ?” ಅಂದಳು ರೊನೆಲ್ ಮೂರನೇ ದಿನ. “ಇನ್ನು ಮೇಲೆ ಒಂದೊಂದು ಸುದ್ದಿಗೂ ಸ್ಟಾಂಪು ಹಚ್ಚಿ ಕೊಡಿ.”

ಯಾರೂ ನಗಲಿಲ್ಲ. ಮಾತು ಒಡೆದದ್ದು ಎರಡನೇ ಶುಕ್ರವಾರ, ಉಪ್ಪುಮೀನಿನ ಮುಂದೆ. ಮರ್ಲೀನ್ ಕೆಲಸದಿಂದ ಬಂದು ಶೂ ಸಹ ಬಿಚ್ಚದೆ ಒಲೆಯ ಮುಂದೆ ನಿಂತಿದ್ದಳು. ಆ ದಿನ ಗಾರ್‌ಸೈಡ್ ಅಡುಗೆಮನೆಗೆ ಯಾರನ್ನೋ ಕರೆತಂದು, ಯಾವ ಒಲೆ ತೆಗೆದರೆ ಎಲ್ಲಿ ಫ್ರೀಜರ್ ಇಡಬಹುದು ಅಂತ ಅವಳ ಮುಂದೆಯೇ ಅಳತೆ ಪಟ್ಟಿ ಹಿಡಿದಿದ್ದ. ವಾರದಲ್ಲಿ ಎರಡು ದಿನ ಹೆಪ್ಪುಗಟ್ಟಿಸಿದ ಊಟದ ಡಬ್ಬಿ ಯಾವುದೋ ಕಂಪನಿಯಿಂದ ಬರುತ್ತದಂತೆ.

“ನಿಮ್ಮಮ್ಮಂಗೆ ಹೇಳು, ಮೀನು ಇನ್ನೂ ನೆನೀಬೇಕಿತ್ತು,” ಅಂದಳು ಐಸಿಲ್ಡಾ.

ಮರ್ಲೀನ್ ಬಾಣಲೆಯನ್ನು ಹಾಗೇ ಎತ್ತಿ ಸಿಂಕಿಗೆ ಹಾಕಿದಳು. ನೀರು ಚುರ್ರೆಂದಿತು.

“ನನಗೇ ಹೇಳಿ. ಇಲ್ಲೇ ಇದೀನಿ. ಐವತ್ತು ವರ್ಷ ಆಯ್ತು, ಒಂದು ಸಲ ನೇರವಾಗಿ ಮುಖ ನೋಡಿ ಹೇಳಿ.”

“ಏನು ಹೇಳಬೇಕು?”

“ಬಿಟ್ಟು ಬಂದೆ ಅಂತ. ಊರಿಗೆಲ್ಲ ಗೊತ್ತಿರೋದೇ ಅಲ್ವಾ? ನಾನೇನು ಸುಳ್ಳು ಬರೀರಿ ಅಂದ್ನಾ? ಏರ್‌ಪೋರ್ಟಲ್ಲಿ ಇಳಿದಾಗ ನನಗೆ ನಿಮ್ಮ ಮುಖ ಗುರುತೇ ಸಿಗಲಿಲ್ಲ. ಕೆಂಪು ಟೋಪಿಯ ಹೆಂಗಸನ್ನ ನೋಡಿ ಅವಳೇ ಅಮ್ಮ ಅಂದ್ಕೊಂಡು ಅವಳ ಹಿಂದೆ ಹೋದೆ.”

“ನಾನು ಓಡಿ ಬಂದು ಕೈ ಹಿಡಿದೆ.”

“ಹಿಡಿದ್ರಿ. ‘ಕೋಟು ಹಾಕ್ಕೋ’ ಅಂದ್ರಿ. ಹತ್ತು ವರ್ಷ ಆದ ಮೇಲೆ ನೀವು ಆಡಿದ ಮೊದಲ ಮಾತು ಅದು.”

“ಚಳಿ ಇತ್ತು.”

“ಜುಲೈ ತಿಂಗಳು, ಅಮ್ಮ.”

“ನಾನು ನಿನ್ನನ್ನ ಹಾಯಾಗಿರೋಕೆ ಬಿಟ್ಟು ಬರಲಿಲ್ಲ. ನಿನಗೆ ಬರ್ತಿದ್ದ ಶೂ ಎಲ್ಲಿಂದ ಬರ್ತಿತ್ತು? ಪುಸ್ತಕ ಎಲ್ಲಿಂದ ಬರ್ತಿತ್ತು? ಅವ್ವ ಹೊಲದಲ್ಲಿ ಬೆಳೀತಿದ್ಲಾ?”

“ಶೂ ಬರ್ತಿತ್ತು. ಯಾವಾಗಲೂ ಒಂದು ಅಳತೆ ಚಿಕ್ಕದು. ನಾನೆಷ್ಟು ಬೆಳೆದಿದ್ದೀನಿ ಅಂತ ನಿಮಗೆ ಗೊತ್ತಿದ್ರೆ ತಾನೆ?”

ಆ ಮಾತಿಗೆ ಮುದುಕಿ ಏಟು ತಿಂದವಳ ಹಾಗೆ ಕೂತಳು. ರೊನೆಲ್ “ಅಮ್ಮ, ಸಾಕು” ಅಂದಳು. ಮರ್ಲೀನಳ ಸಿಟ್ಟು ಅಷ್ಟಕ್ಕೆ ಇಳಿಯುವಂಥದಾಗಿರಲಿಲ್ಲ. ಗಾರ್‌ಸೈಡನ ಮುಂದೆ ಬಾಯಿಗೆ ಬಂದದ್ದೆಲ್ಲ ನುಂಗಿಕೊಂಡು ಬಂದವಳು ಮನೆಯಲ್ಲಿ ಕಕ್ಕಿದಳು.

“ಒಂದು ಕಾಗದ. ನಾನು ಬೇರೇನೂ ಕೇಳಿಲ್ಲ ನಿಮ್ಮನ್ನ. ಅಲ್ಲಿ ನಾಲ್ಕು ಜನರ ಅನ್ನ ಹೋಗ್ತಾ ಇದೆ, ಇಲ್ಲಿ ನಿಮಗೆ ನಿಮ್ಮ ಮಾನ.”

“ಹೌದು, ನನಗೆ ನನ್ನ ಮಾನ,” ಅಂದಳು ಐಸಿಲ್ಡಾ ಎದ್ದು, ಕೋಲು ಹುಡುಕಿಕೊಂಡು. “ಅವರು ನನಗೆ ಬಿಟ್ಟಿದ್ದು ಅದೊಂದೇ.”

ಮಂಗಳವಾರ ಚರ್ಚಿನ ಸಭಾಂಗಣದಲ್ಲಿ ಮುದುಕರ ಊಟ. ವಾರಕ್ಕೊಮ್ಮೆ ನಲವತ್ತು ಮಂದಿ ಸೇರುತ್ತಾರೆ, ಹೆಚ್ಚಿನವರು ನಮ್ಮ ದ್ವೀಪಗಳ ಹೆಂಗಸರು. ಡಾಮಿನೋ ಆಡುತ್ತಾರೆ, ಪಾದ್ರಿಯನ್ನು ಆಡಿಕೊಳ್ಳುತ್ತಾರೆ, ಮರ್ಲೀನಳ ಅಡುಗೆಗೆ ಹೆಸರಿಟ್ಟು ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ. ಆ ಮಂಗಳವಾರ ಕೌನ್ಸಿಲ್ ಅಡುಗೆಮನೆಯಿಂದ ಪಾತ್ರೆ ಬರಲಿಲ್ಲ. ಕಂಪನಿಯ ಯುವಕನೊಬ್ಬ ಟೈ ಕಟ್ಟಿಕೊಂಡು ಮೈಕ್ರೋವೇವ್ ಹೊತ್ತು ತಂದಿದ್ದ.

“ಚುಚ್ಚಿ, ಐದು ನಿಮಿಷ ಇಟ್ಟು, ಬಟನ್ ಒತ್ತಿ. ಬಲು ಸುಲಭ,” ಅಂದ.

“ಕೈ ನಡುಗೋರು ಏನನ್ನ ಚುಚ್ಚಬೇಕಪ್ಪ?” ಅಂದಳು ಹಾರ್ಟೆನ್ಸ್, ಡೆಲ್‌ರೋಸಳ ತಾಯಿ. “ಡಬ್ಬೀನಾ, ಅಂಗೈನಾ?”

ಡಬ್ಬಿಯ ಮೇಲೆ “ಕೆರಿಬಿಯನ್ ಕೋಳಿ” ಅಂತ ಬರೆದಿತ್ತು. ಒಳಗಿದ್ದ ಕೋಳಿ ಮೆಣಸಿನ ಮುಖವನ್ನೇ ಕಂಡಂತಿರಲಿಲ್ಲ, ನಡುವೆ ಇನ್ನೂ ಮಂಜು ಕಟ್ಟಿತ್ತು. ಐಸಿಲ್ಡಾ ಒಂದು ತುತ್ತು ಬಾಯಿಗಿಟ್ಟು, ಕರವಸ್ತ್ರ ತೆಗೆದು, ಅದರೊಳಕ್ಕೆ ಉಗಿದು ಮಡಚಿಟ್ಟಳು. ಆಸ್ಪತ್ರೆಯಲ್ಲಿ ಕಲಿತ ಶಿಸ್ತು, ಉಗಿಯುವುದರಲ್ಲೂ ಬಿಟ್ಟಿರಲಿಲ್ಲ.

ತಟ್ಟೆ ಎತ್ತಲು ಬಂದವಳು ಮೌರೀನ್. ಅದೇ ಅಡುಗೆಮನೆಯಲ್ಲಿ ಮರ್ಲೀನಳ ಜೊತೆ ಹದಿನೈದು ವರ್ಷ ಗೆಡ್ಡೆ ಹೆಚ್ಚಿದ ಬಿಳಿಯ ಹೆಂಗಸು, ಬಾಯಿ ಜೋರು, ಮನಸ್ಸು ತೆಳು.

“ನಿಮ್ಮ ಮಗಳಷ್ಟು ಪೆದ್ದಿ ಇನ್ನೊಬ್ಬಳಿಲ್ಲ ನೋಡಿ, ಮಿಸ್ ಐಸಿ,” ಅಂದಳು ಪಕ್ಕದ ಕುರ್ಚಿಯಲ್ಲಿ ಕೂತು. “ಅವತ್ತೇ ನನ್ನ ಮಾತು ಕೇಳಿದ್ರೆ ಇದ್ಯಾವುದೂ ಇರ್ತಿರಲಿಲ್ಲ.”

“ಯಾವತ್ತು?”

“ರಜೆ ಅರ್ಜಿ ತುಂಬಿದ ದಿನ. ಸತ್ತವರ ಸಂಬಂಧ ಏನು ಅಂತ ಕೇಳಿತ್ತು. ನಾನು ಪಕ್ಕದಲ್ಲೇ ನಿಂತಿದ್ದೆ. ‘ಅಮ್ಮ ಅಂತ ಬರಿ ಕಣೇ, ಯಾರೂ ಬಂದು ನೋಡಲ್ಲ, ಹೇಗೂ ನಿನ್ನ ಸಾಕಿದ್ದು ಅವಳೇ’ ಅಂದೆ. ಪೆನ್ನು ಹಿಡ್ಕೊಂಡು ಎಷ್ಟೋ ಹೊತ್ತು ನಿಂತಳು.”

“ಆಮೇಲೆ?”

“ಆಮೇಲೆ ಅಂದಳು, ‘ನಮ್ಮಮ್ಮ ಮನೇಲಿ ಸೊಂಟ ಮುರ್ಕೊಂಡು ಮಲಗಿದ್ದಾಳೆ ಮೌರೀನ್. ಅಮ್ಮ ಸತ್ತಳು ಅಂತ ನನ್ನ ಕೈಯಾರೆ ಬರೆದು, ಸಂಜೆಗೆ ಏನಾದ್ರೂ ಆದ್ರೆ? ನಾನು ಅವಳನ್ನ ಕಾಗದದ ಮೇಲೂ ಸಾಯಿಸಲ್ಲ.’ ಅಜ್ಜಿ ಅಂತ ಬರೆದು ಕೊಟ್ಟಳು. ಯಾಕೆ, ಹೇಳಿಲ್ವಾ ನಿಮಗೆ?”

ಬದುಕಿರುವವರ ಸಾವನ್ನು ಬಾಯಲ್ಲಿ ಆಡಬಾರದು, ಕೈಯಲ್ಲಿ ಬರೆಯಬಾರದು. ಅದನ್ನು ಮರ್ಲೀನಳಿಗೆ ಕಲಿಸಿದ್ದು ಅವ್ವ, ಅವ್ವನ ಹತ್ತಿರವೇ ಐಸಿಲ್ಡಾಳೂ ಕಲಿತದ್ದು. ಐಸಿಲ್ಡಾ ಕೋಲು ತೆಗೆದುಕೊಂಡು ಎದ್ದಳು. ಬಸ್ಸಿಗೆ ಕಾಯದೆ ಆ ಸೊಂಟದಲ್ಲಿ ಮನೆಯವರೆಗೂ ನಡೆದಳು. ದಾರಿಯಲ್ಲಿ ಕಂಡ ಇಬ್ಬರು ಮಾತಾಡಿಸಿದರೂ ನಿಲ್ಲಲಿಲ್ಲವಂತೆ.

ಮನೆಗೆ ಬಂದವಳು ರೊನೆಲ್‌ಗೆ ಹೇಳಿದಳು, “ಗೆರೆ ಹಾಕಿದ ಕಾಗದ ಕೊಡು. ಪೆನ್ನು ಕೊಡು. ನೀಲಿ ಅಲ್ಲ, ಕಪ್ಪು.”

“ಯಾಕಜ್ಜಿ, ಕಪ್ಪೇ ಯಾಕೆ?”

“ವಾರ್ಡಿನ ವರದಿ ಕಪ್ಪು ಶಾಯಿಯಲ್ಲೇ ಬರೀಬೇಕು. ನೀಲಿ ಮಾಸುತ್ತೆ.”

ಮರ್ಲೀನ್ ಆರು ಗಂಟೆಗೆ ಬಂದಾಗ ಮೇಜಿನ ಮೇಲೆ ಉಪ್ಪಿನ ಡಬ್ಬಿಯ ಕೆಳಗೆ ಎರಡು ಹಾಳೆಗಳಿದ್ದವು. ಐಸಿಲ್ಡಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಮರ್ಲೀನ್ ಕೋಟು ಹಾಕಿಕೊಂಡೇ ನಿಂತು ಓದಿದಳು.

“ವರದಿ. ೧೯೬೪ ಮಾರ್ಚ್ ೪, ಬುಧವಾರ, ಬೆಳಗಿನ ಐದು ಗಂಟೆ. ನನ್ನ ಮಗಳು ಮರ್ಲೀನ್, ವಯಸ್ಸು ಮೂರು ವರ್ಷ ಏಳು ತಿಂಗಳು, ನನ್ನ ತಾಯಿ ವಯೋಲಾಳ ಹಾಸಿಗೆಯಲ್ಲಿ ನಿದ್ದೆಯಲ್ಲಿದ್ದಳು. ಎಬ್ಬಿಸಲಿಲ್ಲ. ಎಬ್ಬಿಸಿದ್ದರೆ ಹೊರಡುತ್ತಿರಲಿಲ್ಲ. ಅಂದಿನಿಂದ ೧೯೭೪ ಜುಲೈ ೨೦ರವರೆಗೆ ಆ ಮಗುವಿಗೆ ಅನ್ನ ಹಾಕಿದ್ದು, ಜ್ವರದಲ್ಲಿ ಎದ್ದು ಕೂತದ್ದು, ಶಾಲೆಗೆ ಕಳಿಸಿದ್ದು, ಮೊದಲು ಮುಟ್ಟಾದಾಗ ಹೆದರಬೇಡ ಅಂದದ್ದು ನನ್ನ ತಾಯಿ. ನಾನಲ್ಲ.

“ಆ ಹತ್ತು ವರ್ಷ ನಾನು ಈ ಊರಿನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ಕೆಲಸಕ್ಕೆ ಜನ ಬೇಕು, ಬನ್ನಿ ಅಂತ ಕರೆದವರು ನೀವು. ನಿಮ್ಮ ತಾಯಂದಿರ ಮೈ ಒರೆಸಿದ್ದೇನೆ, ಮಲ ತೆಗೆದಿದ್ದೇನೆ, ಸತ್ತವರ ಕಣ್ಣು ಮುಚ್ಚಿದ್ದೇನೆ. ನಮಗೆ ಬಾಡಿಗೆಗೆ ಸಿಗುತ್ತಿದ್ದ ಕೋಣೆಗಳ ಬಾಗಿಲಲ್ಲಿ ಮಕ್ಕಳಿರಕೂಡದು ಅಂತ ಬರೆದಿರುತ್ತಿತ್ತು. ನನ್ನ ಮಗುವಿನ ಕಾಲು ಎಷ್ಟು ಬೆಳೆದಿದೆ ಅಂತ ನನಗೆ ಗೊತ್ತಿರಲಿಲ್ಲ. ಅಂದಾಜಿನಲ್ಲಿ ಶೂ ಕಳಿಸುತ್ತಿದ್ದೆ.

“ಸತ್ತವರ ಸಂಬಂಧ ಏನು ಅಂತ ನಿಮ್ಮ ಅರ್ಜಿ ಕೇಳುತ್ತದೆ. ನನ್ನ ಮಗಳ ತಾಯಿ ೨೦೦೯ ನವೆಂಬರ್ ೬ರಂದು ತೀರಿಕೊಂಡಳು. ನಾನು ಬದುಕಿದ್ದೇನೆ. ಸಹಿ, ಐಸಿಲ್ಡಾ ಮೇ ಬ್ರಾಮ್‌ವೆಲ್, ನಿವೃತ್ತ ಸಹಾಯಕ ದಾದಿ.”

ಮರ್ಲೀನ್ ಹಾಳೆಗಳನ್ನು ಜೋಡಿಸಿ ಮತ್ತೆ ಉಪ್ಪಿನ ಡಬ್ಬಿಯ ಕೆಳಗಿಟ್ಟಳು. ಅಳು ಬಂದಿತ್ತು, ಅತ್ತಳು. ಆಮೇಲೆ ಎಣ್ಣೆ ಬಾಟಲಿ ತಂದು ತಾಯಿಯ ಹಿಂದೆ ನಿಂತು ತಲೆಯ ಬಟ್ಟೆ ಬಿಚ್ಚಿದಳು. ಮೂರು ವಾರದ ಕೂದಲು ಗಂಟುಗಂಟಾಗಿತ್ತು.

“ನೋಯುತ್ತೆ,” ಅಂದಳು ಐಸಿಲ್ಡಾ.

“ನೋಯುತ್ತೆ. ಸುಮ್ಮನೆ ಕೂತ್ಕೊಳ್ಳಿ,” ಅಂದಳು ಮರ್ಲೀನ್.

ವಿಚಾರಣೆಗೆ ಮರ್ಲೀನ್, ಎಗ್ಬರ್ಟ್ ಇಬ್ಬರೇ ಹೋದರು, ಮನೆಯವರಿಗೆ ಒಳಗೆ ಬಿಡುವುದಿಲ್ಲವಂತೆ. ಮೇಜಿನ ಆಚೆ ಗಾರ್‌ಸೈಡ್ ಮತ್ತು ಮೇಲಿನ ಅಧಿಕಾರಿಗಳಿಬ್ಬರು. ಎಗ್ಬರ್ಟ್ ಕಾಗದ ಓದಿದ. ಕಸದ ಲಾರಿಯ ಗದ್ದಲದಲ್ಲಿ ಮಾತಾಡಿ ರೂಢಿಯಾದ ದನಿ, ಕಾರಿಡಾರಿಗೂ ಕೇಳಿಸಿತಂತೆ. ಅಧಿಕಾರಿಣಿಯೊಬ್ಬಳು ಕನ್ನಡಕ ತೆಗೆದು ಒರೆಸಿಕೊಂಡಳು. ಗಾರ್‌ಸೈಡ್ ಕೇಳಿದ ಪ್ರಶ್ನೆ ಒಂದೇ. “ತಾರೀಖುಗಳಿಗೆ ಬೇರೆ ಪುರಾವೆ ಇದೆಯೇ?”

“ಸ್ವಾಮಿ, ತಾರೀಖು ಮರೆಯೋಕಾಗದ ಹೆಂಗಸು ಬರೆದ ಕಾಗದ ಅದು,” ಅಂದ ಎಗ್ಬರ್ಟ್.

ವಾರಕ್ಕೆ ಉತ್ತರ ಬಂತು. ರೊನೆಲ್ ಜೋರಾಗಿ ಓದಿದಳು. ಮರ್ಲೀನಳ ಹತ್ತೊಂಬತ್ತು ದಿನವನ್ನು ಲೆಕ್ಕದಿಂದ ಕೈಬಿಡಲಾಗಿದೆ, ಕೆಲಸ ಉಳಿದಿದೆ. ಈ ತೀರ್ಮಾನ ಈ ಒಂದು ಪ್ರಕರಣಕ್ಕೆ ಮಾತ್ರ ಅನ್ವಯಿಸುತ್ತದೆ. ರೊನೆಲ್ ತಾಯಿಯನ್ನು ತಬ್ಬಿಕೊಂಡಳು. ಐಸಿಲ್ಡಾ ಕೈ ಚಾಚಿ ಕಾಗದ ಇಸಿದುಕೊಂಡು ಕೊನೆಯ ಸಾಲನ್ನು ಮತ್ತೆ ಓದಿದಳು.

“ಈ ಒಂದು ಪ್ರಕರಣ ಅಂದ್ರೆ?”

“ಉಳಿದ ಮೂವರಿಗಿಲ್ಲ ಅಂತ,” ಅಂದಳು ಮರ್ಲೀನ್. ಅವಳ ಮುಖದಲ್ಲಿ ಗೆದ್ದವಳ ಕಳೆ ಇರಲಿಲ್ಲ. “ಅಷ್ಟೇ ಅಲ್ಲ. ನಾಲ್ಕು ಅಂದ್ರೆ ನಾಲ್ಕೇ ಹೋಗಬೇಕಂತೆ. ನಾನು ಮೇಲೆ ಬಂದೆ, ನನ್ನ ಜಾಗಕ್ಕೆ ಪಟ್ಟಿಯಲ್ಲಿ ಈಗ ಕಮ್ಮಿ ಅಂಕ ಇರೋಳು ಇಳಿದ್ಲು. ಮೌರೀನ್ ಹೋಗ್ತಾಳೆ.”

ಐಸಿಲ್ಡಾ ಕಾಗದವನ್ನು ಮೇಜಿನ ಮೇಲೆ ಕುಕ್ಕಿದಳು. “ಅಂದ್ರೆ ನಾನು ನನ್ನ ಹೊಟ್ಟೆ ಬಗೆದು ತೋರಿಸಿದ್ದು ಆ ಮೌರೀನ್‌ನ ಹೊರಗೆ ಹಾಕೋಕಾ?”

“ಅವಳಿಗೆ ಮುಖ ತೋರಿಸೋಕಾಗಲಿಲ್ಲ ನನಗೆ. ಅವಳೇ ಬಂದು ಬೆನ್ನು ತಟ್ಟಿದಳು. ಗೆರೆ ಎಳೆದಿದ್ದು ನೀನಲ್ಲ ಕಣೇ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಅಂದಳು.”

ಅವತ್ತೇ ಎಗ್ಬರ್ಟ್ ಬಂದ. ಊಟದ ಹೊತ್ತಲ್ಲ, ಹಾಗಾಗಿ ಹಸಿ ಶುಂಠಿಯ ಚಹಾ ಸಿಕ್ಕಿತು.

“ಒಬ್ಬಳು ಗೆದ್ರೆ ಇನ್ನೊಬ್ಬಳು ಬೀಳೋ ಹಾಗೆ ಮಾಡಿದ್ದಾರೆ, ಮಿಸ್ ಐಸಿ,” ಅಂದ. “ನಮ್ಮನಮ್ಮಲ್ಲೇ ಕಚ್ಚಾಡಲಿ ಅಂತ. ಆದ್ರೆ ನಾಲ್ವರ ಹಾಜರಿ ಅಂಕವೂ ತಪ್ಪು ಅಂತ ಆದ್ರೆ ಆ ಪಟ್ಟಿಯೇ ನಿಲ್ಲಲ್ಲ. ಮೌರೀನ್ ಹೆಸರೂ ಅದರ ಜೊತೆ ಹೋಗುತ್ತೆ. ಮೂರು ಮೇಲ್ಮನವಿ ಮುಂದಿನ ಸೋಮವಾರ ಇವೆ. ಮೂರು ಕಾಗದ ಬೇಕು. ಆ ಮನೆಗಳಿಗೆಲ್ಲ ಹೋಗಿ ಬಂದೆ. ಒಬ್ಬರೂ ಬರೆದುಕೊಡ್ತಿಲ್ಲ. ಹಾರ್ಟೆನ್ಸ್ ನನ್ನ ಮುಖದ ಮೇಲೇ ಬಾಗಿಲು ಹಾಕ್ಕೊಂಡಳು.”

“ತಟ್ಟೆ ಕಿತ್ಕೊಂಡು ಕಳಿಸ್ಲಿಲ್ವಾ?” ಅಂದಳು ರೊನೆಲ್.

ಐಸಿಲ್ಡಾ ಅವಳ ಕಡೆ ನೋಡಿದಳು, ಆದರೆ ಗದರಲಿಲ್ಲ. “ನಾಳೆ ಮಂಗಳವಾರ,” ಅಂದಳು. “ರೊನೆಲ್, ಕಾಲೇಜಿಗೆ ಚಕ್ಕರ್ ಹಾಕು. ಕಾಗದದ ಕಟ್ಟು ತಗೋ.”

ಮಂಗಳವಾರ ಸಭಾಂಗಣದಲ್ಲಿ ಮತ್ತೆ ಡಬ್ಬಿಗಳೇ ಬಂದಿದ್ದವು. ಒಂದೊಂದು ಮೇಜಿನ ಮೇಲೂ ಆರಾರು ಡಬ್ಬಿ, ಕೆಲವಕ್ಕೆ ಪ್ಲಾಸ್ಟಿಕ್ಕು ಕೂಡ ಕಿತ್ತಿರಲಿಲ್ಲ. ಐಸಿಲ್ಡಾ ಬಿಗಿಯಾಗಿ ಹೆಣೆದ ತಲೆಯಲ್ಲಿ, ಚರ್ಚಿನ ನೀಲಿ ಕೋಟಿನಲ್ಲಿ ಬಂದು ಹಾರ್ಟೆನ್ಸಳ ಎದುರು ಕೂತಳು. ಅವಳ ಮುಂದಿದ್ದ ಡಬ್ಬಿಯನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ ಹಾಳೆ ಇಟ್ಟಳು.

“ಡೆಲ್‌ರೋಸ್‌ನ ಯಾರ ಹತ್ರ ಬಿಟ್ಟು ಬಂದೆ?” ಅಂದಳು.

ಆ ಸಭಾಂಗಣದಲ್ಲಿ ಮೂವತ್ತು ವರ್ಷದಿಂದ ಅಡುಗೆ, ಸೊಂಟ, ಸೊಸೆಯಂದಿರು, ಸಾವು, ಎಲ್ಲದರ ಮಾತೂ ಆಗಿದೆ. ಈ ಪ್ರಶ್ನೆಯನ್ನು ಯಾರೂ ಯಾರಿಗೂ ಕೇಳಿರಲಿಲ್ಲ. ಡಾಮಿನೋ ಆಡುತ್ತಿದ್ದವರ ಕೈ ನಿಂತಿತು.

“ನಿನಗ್ಯಾಕೆ?” ಅಂದಳು ಹಾರ್ಟೆನ್ಸ್. “ಎಲ್ಲರ ಮುಂದೆ ಕೇಳ್ತೀಯಲ್ಲ, ನಾಚಿಕೆ ಇಲ್ವಾ ನಿನಗೆ?”

“ಇತ್ತು. ನಲವತ್ತೇಳು ವರ್ಷ ಇಟ್ಕೊಂಡಿದ್ದೆ. ಅದನ್ನ ಇಟ್ಕೊಂಡಿದ್ದಕ್ಕೆ ಯಾರಿಗೆ ಲಾಭ ಆಯ್ತು ಗೊತ್ತಾ? ನನಗಲ್ಲ, ಮಗಳಿಗಲ್ಲ. ಗಾರ್‌ಸೈಡ್‌ಗೆ. ನಾವು ಬಾಯಿ ಬಿಡಲ್ಲ ಅಂತ ಅವರಿಗೆ ಗೊತ್ತು. ಬಿಟ್ಟು ಬಂದಿದ್ದು ನಾವು, ಸರಿ. ಬರೋಕೆ ಹೇಳಿ ಮಕ್ಕಳಿಗೆ ಜಾಗ ಇಲ್ಲ ಅಂದೋರು ಯಾರು? ನಾಚಿಕೆ ಅವರು ಪಡಲಿ.” ಐಸಿಲ್ಡಾಳ ದನಿ ಏರಿತ್ತು, ಕೈ ಮೇಜನ್ನು ಗುದ್ದಿತು. “ನಾನು ಮರ್ಲೀನ್‌ನ ನಮ್ಮವ್ವನ ಹತ್ರ ಬಿಟ್ಟು ಬಂದೆ. ಮೂರು ವರ್ಷ ಏಳು ತಿಂಗಳ ಮಗು. ನಿದ್ದೆ ಮಾಡ್ತಿತ್ತು. ಈಗ ನೀನು ಹೇಳು.”

ಹಾರ್ಟೆನ್ಸ್ ಹಾಳೆಯನ್ನು ಹಿಂದಕ್ಕೆ ತಳ್ಳಿದಳು. ಹಿಂದಿನ ಮೇಜಿನಿಂದ ಯಾರದೋ ದನಿ ಬಂತು. “ನಾನು ಅತ್ತೆ ಹತ್ರ ಬಿಟ್ಟು ಬಂದೆ. ಮೂವರು.” ಅದು ಕೌನ್ಸಿಲ್ ಅಡುಗೆಮನೆಯಲ್ಲಿ ತನ್ನವರು ಯಾರೂ ಕೆಲಸಕ್ಕಿಲ್ಲದ, ಯಾವ ಪಟ್ಟಿಗೂ ಸೇರದ ಒಬ್ಬ ಮುದುಕಿ. ಬಾಗಿಲ ಪಕ್ಕದಿಂದ ಇನ್ನೊಬ್ಬಳು ಅಂದಳು, “ಪಕ್ಕದ ಮನೆಯವರ ಹತ್ರ. ಒಂದೇ ಒಂದು ಮಗು. ಕರೆಸ್ಕೊಳ್ಳೋದ್ರೊಳಗೆ ಹೋಗ್ಬಿಡ್ತು.” ತಟ್ಟೆ ಎತ್ತುತ್ತಿದ್ದ ಮೌರೀನ್ ಟ್ರೇ ಹಿಡಿದುಕೊಂಡು ಅಲ್ಲೇ ನಿಂತಳು.

“ನಮ್ಮಕ್ಕನ ಹತ್ರ,” ಅಂದಳು ಹಾರ್ಟೆನ್ಸ್ ಕೊನೆಗೆ. “ಡೆಲ್‌ರೋಸ್‌ಗೆ ಐದು ತುಂಬಿತ್ತು.”

“ತಾರೀಖು?”

“ಅರವತ್ತೊಂದು, ಅಕ್ಟೋಬರ್ ಒಂಬತ್ತು. ಮಧ್ಯಾಹ್ನ.”

ಐಸಿಲ್ಡಾ ಕಪ್ಪು ಶಾಯಿಯಲ್ಲಿ ಬರೆದುಕೊಂಡಳು. ತಲೆ ಎತ್ತದೆಯೇ ಮುಂದಿನ ಪ್ರಶ್ನೆ ಕೇಳಿದಳು.

“ಮಗು ಮಲಗಿತ್ತಾ, ಎದ್ದಿತ್ತಾ?”

ಹಾರ್ಟೆನ್ಸ್ ತನ್ನ ಎರಡು ಕೈಗಳನ್ನೂ ಮೇಜಿನ ಮೇಲಿಟ್ಟು ನೋಡಿಕೊಂಡಳು.

“ಎದ್ದಿತ್ತು,” ಅಂದಳು. “ಬಸ್ಸಿನ ಹಿಂದೆ ಓಡಿ ಬಂತು.”

ಐಸಿಲ್ಡಾ ಅದನ್ನೂ ಬರೆದಳು. ಹಾಳೆ ತಿರುಗಿಸಿ ಸಹಿ ಹಾಕಬೇಕಾದ ಜಾಗ ತೋರಿಸಿ ಪೆನ್ನು ಕೊಟ್ಟಳು. ಹಾರ್ಟೆನ್ಸ್ ಸಹಿ ಮಾಡುವಷ್ಟರಲ್ಲಿ ಅವಳ ಕುರ್ಚಿಯ ಹಿಂದೆ ಆರು ಮಂದಿ ನಿಂತಿದ್ದರು, ಬಾಗಿಲ ಪಕ್ಕದವಳು ಕೋಲೂರಿಕೊಂಡು ಏಳುತ್ತಿದ್ದಳು.

“ರೊನೆಲ್,” ಅಂದಳು ಐಸಿಲ್ಡಾ, “ಕಾಗದ ಸಾಲಲ್ಲ. ಹೋಗಿ ಇನ್ನೊಂದು ಕಟ್ಟು ತಗೊಂಡು ಬಾ.”